ಕೋಲು ಚೆನ್ನಾಗಿದೆ, ಹಾಳೆ ಬೇಡ: ತಾರಸಿ ತೋಟದ ಬೀಜದ ಕಿಟ್

ಆನ್‌ಲೈನ್‌ನಲ್ಲಿ 499 ರೂಪಾಯಿಗೆ ತರಿಸಿದ ಕಿಟ್ ಇದು. ತರಕಾರಿ, ಸೊಪ್ಪಿನ ಬೀಜಗಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಒಂದು ಮರದ ಕೋಲು, ಬಣ್ಣದ ಹಾಳೆ. ಆ ಹಾಳೆಯಲ್ಲಿ ಎಲ್ಲ ಬೀಜಕ್ಕೂ ಒಂದೇ ಮಾತು: ಒಂದು ಇಂಚು ಆಳಕ್ಕೆ ಹಾಕಿ, ನೀರು ಕೊಡಿ.

ನಮ್ಮ ಮಾವ ನಂಜನಗೂಡಿನ ಕಡೆಯವರು, ಕೂರಿಗೆ ಹಿಡಿದು ರಾಗಿ ಬಿತ್ತಿದವರು. ಹಾಳೆ ಓದಿ, "ಇದನ್ನ ಬರೆದೋನು ದಂಟಿನ ಬೀಜ ಕಣ್ಣಲ್ಲೂ ನೋಡಿಲ್ಲ ಕಣಮ್ಮ" ಅಂದರು.

ಸರಿಯಾದ ಮಾತೇ. ಮೊಳಕೆ ಮೇಲೆ ಬರುವ ತನಕ ಬೀಜದೊಳಗಿನ ಬುತ್ತಿಯೇ ಅದಕ್ಕೆ ಊಟ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಅದರ ಬುತ್ತಿ ಎಷ್ಟಿದ್ದೀತು? ಆದರೂ ಹಟಕ್ಕೆ ಒಂದು ಕುಂಡದಲ್ಲಿ ಹಾಳೆ ಹೇಳಿದಂತೆ ಹೂತೆ. ಇನ್ನೊಂದರಲ್ಲಿ ಬೀಜವನ್ನು ಒಣ ಮರಳಿಗೆ ಬೆರೆಸಿ ಚೆಲ್ಲಿ, ಮೇಲೆ ಪುಡಿ ಗೊಬ್ಬರ ತೆಳ್ಳಗೆ ಉದುರಿಸಿದೆ. ಎರಡನೆಯದರಲ್ಲಿ ಸೊಪ್ಪು ಒತ್ತಾಗಿ ಬಂತು. ಮೊದಲನೆಯದರಲ್ಲಿ ಎದ್ದಿದ್ದು ಅಲ್ಲೊಂದು ಇಲ್ಲೊಂದು.

ಬೀಜದ ದಪ್ಪದ ಎರಡು-ಮೂರು ಪಟ್ಟು ಆಳ ಸಾಕು. ಹುರುಳಿಕಾಯಿ, ಸೋರೆ, ಕುಂಬಳಕ್ಕೆ ಒಂದು ಇಂಚು ಸರಿ. ಟೊಮೇಟೊ, ಬದನೆ, ಮೆಣಸಿನಕಾಯಿಗೆ ಕಾಲು ಇಂಚು. ಕೊತ್ತಂಬರಿಗೆ ಅರ್ಧ ಇಂಚು, ಅದೂ ಉಜ್ಜಿ ಎರಡು ಹೋಳು ಮಾಡಿದ ಮೇಲೆ. ಲೆಟ್ಯೂಸ್‌ಗೆ ಬೆಳಕು ಬಿದ್ದರೇ ಒಳ್ಳೆಯದು, ಸುಮ್ನೆ ಮೇಲೆ ಉದುರಿಸಿ ಒತ್ತಿದರಾಯಿತು. ಕೋಕೋಪೀಟ್ ಬದಲು ಬರೀ ಕೆಮ್ಮಣ್ಣು ತುಂಬಿದ್ದರೆ ಆಳ ಇನ್ನೂ ಕಡಿಮೆ ಇರಲಿ. ಮಳೆ ಬಿದ್ದು ಒಣಗಿದರೆ ಮೇಲ್ಪದರ ಗಟ್ಟಿಯಾಗುತ್ತೆ, ಮೊಳಕೆಗೆ ಅದನ್ನು ಒಡೆಯಲು ಆಗುವುದಿಲ್ಲ. ಇಷ್ಟನ್ನು ಆ ಹಾಳೆಯಲ್ಲೇ ಹಾಕಬಹುದಿತ್ತು, ಅಲ್ವಾ? ಜಾಗವೆಲ್ಲ ನಗುವ ಮಗುವಿನ ಫೋಟೋಗೇ ಹೋಗಿದೆ.

ಕೋಲು ಮಾತ್ರ ಬಹಳ ಚೆನ್ನಾಗಿದೆ. ಅರ್ಧರ್ಧ ಇಂಚಿಗೆ ಸುಟ್ಟು ಗುರುತು ಹಾಕಿದ್ದಾರೆ, ನೀರು ಬಿದ್ದರೂ ಅಳಿಯಲ್ಲ. ಚುಚ್ಚಿ, ಬೀಜ ಬಿಟ್ಟು, ಮುಚ್ಚಿದರೆ ಮುಗಿಯಿತು.

ಬೀಜಗಳಲ್ಲಿ ಬೆಂಡೆ, ಹುರುಳಿಕಾಯಿ ಚೆನ್ನಾಗಿ ಬಂದವು. ಈರುಳ್ಳಿ ಒಂದೂ ಹುಟ್ಟಲಿಲ್ಲ. ಈರುಳ್ಳಿ ಬೀಜ ಬೇಗ ಕಸುವು ಕಳೆದುಕೊಳ್ಳುತ್ತದೆ, ಈ ಪೊಟ್ಟಣದ ಮೇಲೋ ಪರೀಕ್ಷೆ ಮಾಡಿದ ದಿನಾಂಕವೂ ಇಲ್ಲ, ಮೊಳಕೆ ಪ್ರಮಾಣವೂ ಇಲ್ಲ. ಬರೀ ಬೀಜ ಬೇಕಾದವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ತಳಿಗಳನ್ನು ಹುಡುಕಿ: ದಂಟಿನಲ್ಲಿ ಅರ್ಕಾ ಸುಗುಣ, ಬೆಂಡೆಯಲ್ಲಿ ಅರ್ಕಾ ಅನಾಮಿಕಾ.

ಐದಕ್ಕೆ ಎರಡೂವರೆ ಕೊಡುತ್ತೇನೆ, ಅದರಲ್ಲಿ ಒಂದು ಆ ಕೋಲಿಗೆ. ಕೋಲನ್ನು ಬಿಡಿಯಾಗಿ ಮಾರಿದರೆ ಇನ್ನೊಂದು ತಗೊಳ್ಳುತ್ತೇನೆ, ನಮ್ಮದನ್ನು ಮಾವ ಆಗಲೇ ತಮ್ಮದು ಮಾಡಿಕೊಂಡಿದ್ದಾರೆ.