ಶವರ್ ಪೈಪು ಮುಚ್ಚಲು ಮಾಡಿಸಿದ ಡಬ್ಲ್ಯುಪಿಸಿ ಪೆಟ್ಟಿಗೆ: ಮೂರು ಮಳೆಗಾಲ ಬಳಸಿದ ಮೇಲೆ

ಮೊದಲನೇ ವರ್ಷ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಎರಡನೇ ವರ್ಷ ಒಂದೂ ಕೊಡುತ್ತಿರಲಿಲ್ಲ. ಈಗ ನಾಲ್ಕು ಕೊಡುತ್ತೇನೆ.

ನಮ್ಮದು ಸಾಗರದ ಕಡೆಯ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು. ಬಚ್ಚಲಲ್ಲಿ ಹಂಡೆ, ಅದರಡಿಗೆ ಅಡಿಕೆ ಹಾಳೆ ಉರಿಸುವ ಒಲೆ. ಅಪ್ಪಯ್ಯನಿಗೆ ಮಂಡಿನೋವು ಜಾಸ್ತಿಯಾಗಿ ಬಗ್ಗಿ ನೀರು ತೋಡಿಕೊಳ್ಳುವುದು ಕಷ್ಟವಾಯಿತು. ಆಗ ಗೀಸರ್, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ, ಟೆಲಿಫೋನ್ ಶವರ್ ಹಾಕಿಸಿದೆವು. ಸ್ಟೂಲಿನ ಮೇಲೆ ಕೂತು, ಶವರನ್ನು ಕೈಯಲ್ಲಿ ಹಿಡಿದು ಆರಾಮಾಗಿ ಮೀಯಬಹುದು.

ತೊಂದರೆ ಬಂದಿದ್ದು ಪೈಪಿನದು. ಗೀಸರ್ ಬಾಗಿಲ ಹತ್ತಿರದ ಒಣ ಮೂಲೆಯಲ್ಲಿದೆ. ಮೀಯುವ ಜಾಗ ಆಚೆ ಮೂಲೆಯಲ್ಲಿ. ನಡುವೆ ಎಂಟು ಅಡಿ ಗೋಡೆ. ಪೈಪನ್ನು ಗೋಡೆಯೊಳಗೇ ಹೂತುಬಿಡೋಣ ಅಂತ ನನಗೆ ಆಸೆ. ಪ್ಲಂಬರ್ ಸುತ್ತಿಗೆಯಲ್ಲಿ ಎರಡು ಸಲ ತಟ್ಟಿ ನೋಡಿ, "ಕೊರೆಯೋದು ಬೇಡ ಮಾರಾಯ್ರೆ, ಮಾಡು ಇದರ ಮೇಲೇ ಕೂತಿದೆ" ಅಂದರು. ಅವರು ಹೇಳಿದ್ದು ಸರಿಯೇ. ನಮ್ಮಂಥ ಮನೆಗೆ ಕಾಂಕ್ರೀಟ್ ಕಂಬ ಇರುವುದಿಲ್ಲ, ಭಾರ ಹೊರುವುದು ಗೋಡೆಯೇ. ಮೇಲಿಂದ ಕೆಳಕ್ಕೆ ಸ್ವಲ್ಪ ಕೊರೆದರೆ ನಡೆದೀತು. ಅಡ್ಡಕ್ಕೆ ಎಂಟು ಅಡಿ ಕೊರೆದರೆ ಗೋಡೆಯ ಬಲವೇ ಹೋಗುತ್ತದೆ.

ಹಾಗಾಗಿ ಎರಡು ಸಿಪಿವಿಸಿ ಪೈಪು (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್ ಪೈಪು) ಸೊಂಟದ ಎತ್ತರದಲ್ಲಿ ಗೋಡೆಯ ಮೇಲೇ ಹಾದುಹೋದವು. ಅದನ್ನು ಮುಚ್ಚಲು ಬಡಗಿ 12 ಎಂಎಂ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆಯ ಉದ್ದನೆ ಪೆಟ್ಟಿಗೆ ಮಾಡಿಕೊಟ್ಟರು. ಪ್ಲೈವುಡ್ ಸ್ವಲ್ಪ ಅಗ್ಗ, ಆದರೆ ನಮ್ಮ ಕಡೆಯ ಮಳೆಗೆ ಅಡುಗೆಮನೆಯ ಪ್ಲೈವುಡ್ ಬಾಗಿಲೇ ಊದಿಕೊಂಡು ಮುಚ್ಚಲು ಬರುವುದಿಲ್ಲ. ಇನ್ನು ಬಚ್ಚಲಲ್ಲಿ ಕೇಳಬೇಕಾ? ಕೂಲಿ ಸೇರಿ 5,200 ರೂಪಾಯಿ ಆಯಿತು.

ಪೈಪು ಕಾಣದಿದ್ದರೆ ಸಾಕು ಅಂದುಕೊಂಡಿದ್ದೆ. ಆದರೆ ಆ ಪೆಟ್ಟಿಗೆಯ ಮೇಲ್ಭಾಗ ಐದು ಇಂಚು ಅಗಲದ ಕಟ್ಟೆಯಾಯಿತು. ಸ್ಟೂಲಿನಲ್ಲಿ ಕೂತವರ ಕೈಗೆ ಸರಿಯಾಗಿ ಸಿಗುವ ಎತ್ತರ. ಅಪ್ಪಯ್ಯ ದಿನಾ ಬೆಳಿಗ್ಗೆ ಆರಕ್ಕೆ ಸ್ನಾನಕ್ಕೆ ಹೋಗುತ್ತಾರೆ. ಮೊದಲು ಕನ್ನಡಕ ತೆಗೆದು, ಅದರ ಕಾಲು ಮಡಚಿ, ಗಾಜು ಮೇಲೆ ಮಾಡಿ ಕಟ್ಟೆಯ ಒಣ ತುದಿಯಲ್ಲಿ ಇಡುತ್ತಾರೆ. ಅದರ ಪಕ್ಕ ಉಂಗುರ. ಆಮೇಲೆ ಸೀಗೆಪುಡಿ ಡಬ್ಬ, ಸೋಪು. ಹಳೇ ತಾಮ್ರದ ಚೊಂಬು ಕೊನೆಯಲ್ಲಿ. ಶವರ್ ಬಂದರೂ ಕಡೆಯ ಚೊಂಬು ನೀರನ್ನು ತಲೆ ಮೇಲೆ ಹೊಯ್ದುಕೊಳ್ಳದೆ ಅವರಿಗೆ ಸ್ನಾನ ಮುಗಿದ ಹಾಗಲ್ಲ. ಟವೆಲ್ ಮಡಚಿ ಗೀಸರ್ ಕಡೆಯ ತುದಿಯಲ್ಲಿ ಇಡುತ್ತಾರೆ. ಅದರಡಿ ಬಿಸಿನೀರಿನ ಪೈಪು ಇರುವುದರಿಂದ ಹಲಗೆ ಸ್ವಲ್ಪ ಕಾದಿರುತ್ತದೆ. ಆಷಾಢದಲ್ಲಿ ಮನೆಯ ಒಂದು ಬಟ್ಟೆಯೂ ಒಣಗದಿದ್ದಾಗ, ಒಂದು ದಿನ ಹೊರಗೆ ಬಂದವರೇ "ಟವೆಲ್ ಬೆಚ್ಚಗಿದ್ದು ತಮಾ" ಅಂದರು. ಅಷ್ಟು ಸಣ್ಣ ವಿಷಯಕ್ಕೆ ಅವರು ಅಷ್ಟು ಖುಷಿಪಟ್ಟಿದ್ದು ನೋಡಿ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಎರಡನೇ ಮಳೆಗಾಲದಲ್ಲಿ ಗೋಡೆಯ ಆಚೆ ಬದಿಯ ಉಗ್ರಾಣದಲ್ಲಿ ಅಮ್ಮ ಅಕ್ಕಿ ಮೂಟೆ ಸರಿಸಿದರು. ಮೂಟೆಯ ಬೆನ್ನಿಗೆ ಬೂಷ್ಟು. ಗೋಡೆ ಒದ್ದೆ. ಮಳೆಗೆ ಶೀತ ಹೊಡೆದಿರಬೇಕು ಅಂತ ಎರಡು ವಾರ ಸುಮ್ನೆ ಕೂತೆವು. ಆ ಎರಡು ವಾರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀರು ಬರುತ್ತಿದ್ದುದು ನಮ್ಮ ಚೆಂದದ ಪೆಟ್ಟಿಗೆಯಿಂದಲೇ.

ಬಡಗಿ ಪೆಟ್ಟಿಗೆಯ ನಾಲ್ಕೂ ಸಂದಿಗೆ ಸಿಲಿಕೋನ್ ತುಂಬಿದ್ದರು. ನೀರು ಒಳಗೆ ಹೋಗಬಾರದು ಅಂತ ಮಾಡಿದ್ದು. ಆದರೆ ಮಿಕ್ಸರ್ ಹತ್ತಿರ ಪೈಪು ತಿರುಗುವ ಕಡೆಯ ಎಲ್ಬೋ ಜಾಯಿಂಟು ಪೆಟ್ಟಿಗೆಯ ಒಳಗೇ ಸಣ್ಣಗೆ ಸೋರತೊಡಗಿದಾಗ ಆ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಪೆಟ್ಟಿಗೆ ಮರಿಗೆಯ ಹಾಗೆ ತುಂಬಿ, ನೀರನ್ನೆಲ್ಲ ಜಂಬಿಟ್ಟಿಗೆ ಕುಡಿಯಿತು. ತೆರೆಯಲು ಒಂದು ಬಾಗಿಲೂ ಇಲ್ಲ. ಉಳಿ ಹಾಕಿ ಮೀಟಿ ತೆಗೆಯಬೇಕಾಯಿತು. ಮುಂದಿನ ಹಲಗೆ ಎರಡು ತುಂಡಾಯಿತು. ಒಳಗಿನ ವಾಸನೆ, ಜಿರಳೆ ಹೇಳುವುದು ಬೇಡ.

ಎಲ್ಬೋ ಸೋರಿದ್ದಕ್ಕೂ ಕಾರಣ ಇತ್ತು. ಸಿಪಿವಿಸಿ ಬಿಸಿಯಾದರೆ ಹಿಗ್ಗುತ್ತದೆ. ಎಂಟು ಅಡಿ ಪೈಪು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ, ತಣಿದರೆ ಮತ್ತೆ ಕುಗ್ಗುತ್ತದೆ. ನಮ್ಮಲ್ಲಿ ಪೈಪನ್ನು ಗೋಡೆಗೆ ಹಿಡಿಸುವ ಕ್ಲಾಂಪನ್ನೆಲ್ಲ ಬಿಗಿಯಾಗಿ ಹೊಡೆದಿದ್ದರು. ಪೈಪಿಗೆ ಜರುಗಲು ಜಾಗ ಇರಲಿಲ್ಲ. ದಿನಾ ಎಳೆದು ತಳ್ಳಿ ಕೊನೆಗೆ ಪೆಟ್ಟು ತಿಂದಿದ್ದು ಮೂಲೆಯ ಜಾಯಿಂಟು. ಪೆಟ್ಟಿಗೆಯೊಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದುದನ್ನು ನಾನು ಹಲ್ಲಿ ಅಂದುಕೊಂಡಿದ್ದೆ. ನಿಮ್ಮಲ್ಲೂ ಆ ಸದ್ದು ಬರುತ್ತಿದ್ದರೆ ಒಮ್ಮೆ ಕ್ಲಾಂಪ್ ನೋಡಿಸಿ.

ಸಿಟ್ಟಿನಲ್ಲಿ ಪೆಟ್ಟಿಗೆಯೇ ಬೇಡ, ಪೈಪು ಕಂಡರೆ ಕಾಣಲಿ ಅಂತ ಒಂದು ತಿಂಗಳು ಹಾಗೇ ಬಿಟ್ಟೆ. ಅಪ್ಪಯ್ಯ ಏನೂ ಹೇಳಲಿಲ್ಲ. ಆದರೆ ಕನ್ನಡಕವನ್ನು ಕಿಟಕಿಯ ಮೇಲಿಡಲು ಸ್ಟೂಲಿನಿಂದ ಎದ್ದು, ಒದ್ದೆ ನೆಲದ ಮೇಲೆ ಎರಡು ಹೆಜ್ಜೆ ಹೋಗುತ್ತಿದ್ದರು. ಅದನ್ನು ನೋಡಿದ ದಿನವೇ ಬಡಗಿಗೆ ಫೋನ್ ಮಾಡಿದೆ.

ಈ ಸಲ ನಾನೇ ಪಕ್ಕದಲ್ಲಿ ನಿಂತು ಮಾಡಿಸಿದೆ. ಪ್ಲಂಬರ್ ಎಲ್ಬೋ ಬದಲಿಸಿ, ಪೈಪು ಜಾರುವಷ್ಟು ಸಡಿಲವಾಗಿ ಕ್ಲಾಂಪ್ ಹಾಕಿದರು. ಮೂಲೆಯಲ್ಲಿ ಪೈಪಿನ ತುದಿಗೂ ಹಲಗೆಗೂ ನಡುವೆ ಒಂದು ಬೆರಳು ಜಾಗ ಬಿಟ್ಟೆವು. ಒಂದು ವಾರ ಮುಚ್ಚದೆ, ದಿನಾ ಬಿಸಿನೀರು ಬಿಟ್ಟು, ಪ್ರತಿ ಜಾಯಿಂಟಿಗೂ ಒಣ ಪೇಪರ್ ಒತ್ತಿ ನೋಡಿದೆ. ಪೆಟ್ಟಿಗೆಗೆ ತಳದ ಹಲಗೆಯೇ ಇಲ್ಲ ಈಗ. ಸೋರಿದರೆ ನೇರ ನೆಲಕ್ಕೆ ಬಿದ್ದು ಕಣ್ಣಿಗೆ ಕಾಣಬೇಕು. ಸಿಲಿಕೋನ್ ಹಾಕಿದ್ದು ಮೇಲಿನ ಹಲಗೆ ಗೋಡೆಗೆ ಸೇರುವ ಕಡೆ ಮಾತ್ರ. ಮುಂದಿನ ಹಲಗೆ ಮೂರು ತುಂಡು, ಒಂದೊಂದಕ್ಕೂ ನಾಲ್ಕು ಸ್ಟೀಲ್ ಸ್ಕ್ರೂ. ಸ್ಕ್ರೂ ತಲೆ ಹೊರಗೆ ಕಾಣುತ್ತದೆ, ಕಾಣಲಿ. ಎರಡನೇ ಸಲದ ಖರ್ಚು 3,100 ರೂಪಾಯಿ. ಮೊದಲೇ ಹೀಗೆ ಮಾಡಿದ್ದರೆ ಆ ದುಡ್ಡು ಉಳಿಯುತ್ತಿತ್ತು, ಅಕ್ಕಿಯೂ ಉಳಿಯುತ್ತಿತ್ತು.

ಬಿಸಿ ಪೈಪಿಗೆ ಕಪ್ಪು ಸ್ಪಂಜಿನ ಕೊಳವೆ ಹೊದಿಸಿದ್ದೇವೆ, ನೀರು ದಾರಿಯಲ್ಲಿ ಬೇಗ ತಣಿಯುವುದಿಲ್ಲ. ಗೀಸರ್ ಕಡೆಯ ಒಂದೂವರೆ ಅಡಿ ಮಾತ್ರ ಹಾಗೇ ಬಿಡಿಸಿದೆ. ಟವೆಲ್ ಇಡುವುದು ಅಲ್ಲಿ.

ಹಲಗೆಯ ಬಗ್ಗೆ ನನ್ನ ದೂರಿಲ್ಲ. ಅಷ್ಟು ದಿನ ನೀರಲ್ಲಿ ನೆನೆದರೂ ಊದಲಿಲ್ಲ. ಮಿಕ್ಸರ್ ಹತ್ತಿರ ಅಬ್ಬಿ (ಗುಡ್ಡದ ಒರತೆ) ನೀರಿನ ಕಲೆ ಕೂತಿದೆ, ಹುಣಸೆಹಣ್ಣಿನಲ್ಲಿ ತಿಕ್ಕಿದರೂ ಪೂರ್ತಿ ಹೋಗಿಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕಲ್ಲ, ಎಂಟು ಅಡಿ ಪೆಟ್ಟಿಗೆಗೆ ಒಂದು ಬಾಗಿಲು ಇಡಬೇಕು ಅಂತ ಮಾಡುವವರೇ ಹೇಳದೆ ಹೋದದ್ದಕ್ಕೆ. ಜೋರು ಮಳೆಗೆ ಕರೆಂಟ್ ಹೋದಾಗ ಈಗಲೂ ಹಂಡೆಗೆ ಬೆಂಕಿ ಹಾಕುತ್ತೇವೆ. ಆ ದಿನಗಳಲ್ಲೂ ಅಪ್ಪಯ್ಯನ ಕನ್ನಡಕ ಇರುವುದು ಕಟ್ಟೆಯ ಅದೇ ಒಣ ತುದಿಯಲ್ಲಿ.