ಹಳೇ ಗ್ರಾಮಫೋನ್ ಪ್ಲೇಟಿನ ಹಾಡು ಪೆನ್‌ಡ್ರೈವಿಗೆ ಹಾಕಿಸ್ಬೇಕಾ, ಹಾಸನದ ಈ ಅಂಗಡಿಗೆ ಕೊಡಿ

ಸಂತೇಪೇಟೆ ಕಡೆ ರೇಡಿಯೋ, ಆಂಪ್ಲಿಫಯರ್ ರಿಪೇರಿ ಮಾಡೋ ಒಂದು ಸಣ್ಣ ಹಳೇ ಅಂಗಡಿ ಇದೆ, ಅಲ್ಲೇ ಪ್ಲೇಟುಗಳ ಹಾಡನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ತಾರೆ. ನಮ್ಮ ತಾತ ಆಲೂರಿನ ಮನೇಲಿ ಟ್ರಂಕಿಗೆ ತುಂಬಿಟ್ಟಿದ್ದ ಪ್ಲೇಟೆಲ್ಲಾ ಅಲ್ಲಿ ಕೊಟ್ಟಿದ್ದೆ, ಮೊನ್ನೆ ವಾಪಸ್ ಬಂತು, ಕೇಳಿ ತುಂಬಾ ಖುಷಿಯಾಗಿದೆ, ಅದಕ್ಕೇ ಬರೀತಿದೀನಿ.

ಇದಕ್ಕೆ ಮುಂಚೆ ಬೇರೆ ಊರಲ್ಲಿ ಒಂದು ಸ್ಟುಡಿಯೋದವರಿಗೆ ಕೆಲವು ಪ್ಲೇಟು ಕೊಟ್ಟಿದ್ದೆ. ಅವ್ರು ಸಾಫ್ಟ್‌ವೇರ್ ಹಾಕಿ ಚರಚರ ಸದ್ದೆಲ್ಲಾ ತೆಗೆದ್ರು ನಿಜ, ಆದ್ರೆ ಅದರ ಜೊತೆಗೆ ಗಂಟಲೂ ಹೋಗಿತ್ತು, ಕಾಳಿಂಗರಾಯರು ಕಂಬಳಿ ಹೊದ್ದು ಹಾಡ್ತಿದಾರೇನೋ ಅನ್ನೋ ಹಂಗೆ ಕೇಳ್ತಿತ್ತು. ಸ, ಶ ಅಕ್ಷರಗಳೇ ಮಾಯ. ಕಾಳಿಂಗರಾಯರ ಹಾಡಲ್ಲಿ ಅಕ್ಷರ ಹೋದ್ರೆ ಇನ್ನೇನು ಉಳೀತು ಹೇಳಿ, ಕವಿತೆಯ ಒಂದೊಂದು ಪದಾನೂ ಬಿಡಿಸಿ ಬಿಡಿಸಿ ಜನರ ಬಾಯಿಗೆ ಹಾಕಿದ ಮನುಷ್ಯ ಅವ್ರು, ರಾಜರತ್ನಂ ಅವರ ರತ್ನನ ಪದ ಇರ್ಲಿ, ದಾಸರ ಪದ ಇರ್ಲಿ.

ಈ ಅಂಗಡಿ ಯಜಮಾನ್ರು ಪ್ಲೇಟು ಕೈಗೆ ತಗೊಂಡ ತಕ್ಷಣ ಕೇಳಿದ್ದು, "ಸ್ಪಿರಿಟ್ ಹಾಕಿ ಒರೆಸಿಲ್ಲ ತಾನೆ ಸಾರ್?" ಅಂತ. 78ರ ಪ್ಲೇಟು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋದು, ಅರಗಿನದು, ಸ್ಪಿರಿಟ್ ಬಿದ್ರೆ ಮೇಲ್ಪದರ ಕರಗುತ್ತೆ, ಆಮೇಲೆ ಬಂದ ಪ್ಲಾಸ್ಟಿಕ್ಕಿನ ಎಲ್‌ಪಿ ಹಂಗಲ್ಲ. ಆಮೇಲೆ ಮುಳ್ಳು ಬದಲಾಯಿಸಿದ್ರು. 78ರಲ್ಲಿ ಮುಳ್ಳು ಓಡೋ ಗೆರೆ ದಪ್ಪ, ಅದರ ಮುಳ್ಳು ಎಲ್‌ಪಿ ಮುಳ್ಳಿಗಿಂತ ಸುಮಾರು ಮೂರು ಪಟ್ಟು ಅಗಲ ಇರ್ಬೇಕು, ಸಣ್ಣ ಮುಳ್ಳು ಹಾಕಿದ್ರೆ ಅದು ಗೆರೆಯ ತಳದಲ್ಲಿ ಕಸ ಕೆರೀತಾ ಹೋಗುತ್ತೆ, ಹಾಡಿಗಿಂತ ಸದ್ದೇ ಜಾಸ್ತಿ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸ್ಪೀಡ್ ಚೆಕ್ ಮಾಡೋ ರೀತಿ. ಗೆರೆ ಹಾಕಿರೋ ಒಂದು ದುಂಡನೆ ಕಾಗದ ಇಟ್ಕೊಂಡಿದಾರೆ, ನಮ್ಮ 50 ಸೈಕಲ್ ಕರೆಂಟಿಗೆ 78ರ ಪ್ಲೇಟಾದ್ರೆ 77 ಗೆರೆ, ಅದನ್ನ ತಿರುಗೋ ಪ್ಲೇಟಿನ ಮೇಲಿಟ್ಟು ಚೋಕ್ ಇರೋ ಹಳೇ ಟ್ಯೂಬ್‌ಲೈಟ್ ಕೆಳಗೆ ನೋಡ್ತಾರೆ, ಆ ಲೈಟು ಕರೆಂಟಿನ ಜೊತೆಗೇ ಮಿನುಗ್ತಿರುತ್ತಲ್ಲ, ಗೆರೆಗಳು ಓಡದೆ ನಿಂತ ಹಾಗೆ ಕಂಡ್ರೆ ಸ್ಪೀಡ್ ಸರಿ ಅಂತ. 78 ಬದಲು 74 ತಿರುಗಿದ್ರೂ ಸಾಕು, ಹತ್ರ ಹತ್ರ ಅರ್ಧ ಶ್ರುತಿ ಕೆಳಗೆ ಇಳಿಯುತ್ತೆ, ಹಾಡಿದವರ ದನಿಯೇ ಬೇರೆ ಆಗುತ್ತೆ. ಇಂಟರ್ನೆಟ್ಟಲ್ಲಿ ಸಿಗೋ ಎಷ್ಟೋ ಹಳೇ ಹಾಡು ಹಿಂಗೇ ಕೆಟ್ಟಿದೆ, ಕೇಳೋರಿಗೆ ಗೊತ್ತೇ ಆಗಲ್ಲ, ನಂಗೆ ಇದು ನಿಜವಾಗ್ಲೂ ಬೇಜಾರು.

ಪಿ.ಬಿ. ಶ್ರೀನಿವಾಸ್ ಅವರ ಇಪಿಗಳೂ ಇದ್ವು, ಚಿಕ್ಕದು, 45ರವು. ಅವರ ಮಂದ್ರದ ಸ್ವರ, ಉಸಿರು ಮೆಲ್ಲಗೆ ಬಿಡೋದು ಎಲ್ಲಾ ಕೇಳುತ್ತೆ ಈಗ. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ ತೆಲುಗಿನವರು, ಕನ್ನಡ ಉಚ್ಚಾರಣೆ ಮಾತ್ರ ನೋಡಿ ಎಷ್ಟು ಸ್ವಚ್ಛ, 1974ರ ಸಂಪತ್ತಿಗೆ ಸವಾಲ್ ಆದ್ಮೇಲೆ ಅಣ್ಣಾವ್ರು ತಾವೇ ಹಾಡೋಕೆ ಶುರು ಮಾಡೋವರೆಗೂ ನಮ್ಮ ಜನಕ್ಕೆ ರಾಜ್‌ಕುಮಾರ್ ದನಿ ಅಂದ್ರೆ ಹೆಚ್ಚಾಗಿ ಇವರದ್ದೇ. ಎಸ್. ಜಾನಕಿ ಜೊತೆ ಹಾಡಿರೋ ಒಂದು ಡ್ಯುಯೆಟ್ಟಲ್ಲಿ ಹಿಂದೆ ಬರೋ ಕೊಳಲು ನಾನು ಇಷ್ಟು ವರ್ಷ ಕೇಳೇ ಇರ್ಲಿಲ್ಲ. ಘಂಟಸಾಲ ಅವರ ಕುಲದಲ್ಲಿ ಕೀಳ್ಯಾವುದೋ (1965ರ ಸತ್ಯಹರಿಶ್ಚಂದ್ರದ್ದು) ಪ್ಲೇಟು ಸವೆದಿತ್ತು, ಚರಚರ ಜೋರಾಗೇ ಇದೆ, ಆದ್ರೂ ಆ ಗಂಟಲಿನ ಗತ್ತು ಹಂಗೇ ಬಂದಿದೆ, ಅಮ್ಮ ಅದನ್ನೇ ತಿರುಗಾ ತಿರುಗಾ ಹಾಕ್ತಿದಾರೆ.

ಕೊರತೇನೂ ಹೇಳ್ತೀನಿ. ಹೇಳಿದ ದಿನಕ್ಕೆ ಕೊಡಲ್ಲ, ಫೋನ್ ಎತ್ತಲ್ಲ. ಫೈಲಿಗೆ ಹಾಡಿನ ಹೆಸರು ಹಾಕಲ್ಲ, ಬರೀ 1, 2, 3 ಅಂತಿರುತ್ತೆ, ನಾವೇ ಕೂತು ಲೇಬಲ್ ನೋಡಿ ಬರ್ಕೋಬೇಕು. ಒಂದು ಸೈಡಿಗೆ 80 ರೂಪಾಯಿ ತಗೊಂಡ್ರು, 78ರ ಸೈಡಲ್ಲಿ ಬರೋದೇ ಮೂರು ಚಿಲ್ಲರೆ ನಿಮಿಷ, ಅದಕ್ಕೆ ಜಾಸ್ತಿ ಅನ್ಸಬಹುದು, ಆದ್ರೆ ಆ ಕೆಲಸಕ್ಕೆ ನಂಗೆ ಜಾಸ್ತಿ ಅನ್ಸಲಿಲ್ಲ. ಬಿರುಕು ಬಿಟ್ಟಿದ್ದ ಒಂದನ್ನ "ಇದನ್ನ ಓಡಿಸಿದ್ರೆ ಎರಡು ಹೋಳಾಗುತ್ತೆ" ಅಂತ ಹಂಗೇ ವಾಪಸ್ ಕೊಟ್ರು, ದುಡ್ಡು ಮುಟ್ಟಲಿಲ್ಲ.

ಕೊಡೋವಾಗ ಸದ್ದು ತೆಗೆಯದೇ ಇರೋ ಕಾಪೀನೂ ಬೇಕು ಅಂತ ಬಾಯಿಬಿಟ್ಟು ಕೇಳಿ, ಎರಡೂ ಕೊಡ್ತಾರೆ. ಪ್ಲೇಟುಗಳನ್ನ ಒಂದರ ಮೇಲೊಂದು ಪೇರಿಸ್ಕೊಂಡು ಹೋಗ್ಬೇಡಿ, ಡಬ್ಬದಲ್ಲಿ ನಿಲ್ಲಿಸಿ, ನಡುವೆ ಪೇಪರ್ ಇಟ್ಟು ತಗೊಂಡೋಗಿ, ಆಲೂರು ರೋಡಿನ ಬಸ್ಸಲ್ಲಂತೂ ಮಡಿಲಲ್ಲೇ ಇಟ್ಕೊಳ್ಳಿ. ಬೆಳಿಗ್ಗೆ ಹೊತ್ತು ಹೋಗಿ, ಸಂಜೆ ಆದ್ರೆ ಮಿಕ್ಸಿ, ಟಿವಿ ರಿಪೇರಿ ಗಿರಾಕಿಗಳೇ ತುಂಬಿರ್ತಾರೆ, ಅವರಿಗೆ ಮಾತಾಡೋಕೆ ಪುರುಸೊತ್ತಿರಲ್ಲ.