ಹಳೇ ಗಾಡಿ ಪವರ್ ಸ್ಟೀರಿಂಗ್ ಆಯಿಲ್ ಲೀಕ್ ಆಗ್ತಿದ್ರೆ ಬರೀ ಟಾಪ್ ಅಪ್ ಮಾಡ್ಕೊಂಡು ಘಾಟಿ ಇಳೀಬೇಡಿ, ನಮಗಾಗಿದ್ದು ಓದಿ

ಇದನ್ನ ಬರೀಲೇಬೇಕು ಅಂತ ಎರಡು ವಾರದಿಂದ ಅನ್ಕೋತಾನೇ ಇದ್ದೆ. ನಿಮ್ಮನೇಲಿ 15-20 ವರ್ಷದ ಹಳೇ ಕಾರಿದ್ದು, ಅದರ ಮುಂದಿನ ಚಕ್ರದ ಹತ್ರ ನೆಲದ ಮೇಲೆ ಎಣ್ಣೆ ಹನಿ ಕಾಣ್ತಿದ್ರೆ, ಸ್ಟೀರಿಂಗ್ ಪೂರ್ತಿ ತಿರುಗಿಸ್ದಾಗ ಗುಂಯ್ ಅಂತ ಸದ್ದು ಬರ್ತಿದ್ರೆ, ದಯವಿಟ್ಟು ಕೊನೇವರೆಗೂ ಓದಿ. ಒಂದು ಮೊಳ ಉದ್ದದ ರಬ್ಬರ್ ಪೈಪಿನ ವಿಷಯಕ್ಕೆ ನಾವು ಐದು ಜನ ಚಾರ್ಮಾಡಿ ಘಾಟಿ ತಿರುವಲ್ಲಿ ಹೊಗೆ ಬರ್ತಿರೋ ಗಾಡೀಲಿ ಕೂತಿದ್ವಿ, ಆ ಹೊತ್ತು ನೆನಸ್ಕೊಂಡ್ರೆ ಈಗಲೂ ಕೈ ನಡುಗತ್ತೆ.

ಗಾಡಿ ಅಪ್ಪ 2005ರಲ್ಲಿ ತಗೊಂಡಿದ್ದ ಆಕ್ಸೆಂಟ್. ಒಂದು ಲಕ್ಷದ ಮೂವತ್ತೆಂಟು ಸಾವಿರ ಕಿಲೋಮೀಟರ್ ಓಡಿದೆ, ಹದಿನೈದು ವರ್ಷ ಆದ್ಮೇಲೆ ಆರ್‌ಸಿ ರಿನ್ಯೂ ಮಾಡಿಸಿ ಗ್ರೀನ್ ಟ್ಯಾಕ್ಸ್ ಕಟ್ಟಿ ಇಟ್ಕೊಂಡಿದೀವಿ, ಎಂಜಿನ್ ಇವತ್ತಿಗೂ ಹೊಸದರ ಥರ ಇದೆ. ಗಾಡಿ ಮೇಲೆ ನನಗೆ ದೂರಿಲ್ಲ, ಇಷ್ಟು ವರ್ಷ ಎಂಜಿನ್ ಕಾವಲ್ಲಿ ಬೆಂದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡೋದು ಸಹಜ. ದೂರು ಇರೋದು ಅದನ್ನ ರಿಪೇರಿ ಮಾಡಿದ ರೀತಿ ಮೇಲೆ, ಗೊತ್ತಿಲ್ದೆ ಅದಕ್ಕೆ ತಲೆ ಆಡಿಸಿದ ನನ್ನ ಮೇಲೂ ಇದೆ.

ಮೊದಲು ನೋಡಿದ್ದು ಅಮ್ಮ. ದೀಪಾವಳಿ ಮುಗಿದ ವಾರ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋಕೆ ಅಂತ ಹೋದವರು "ಏನೋ ಇದು, ಕಲ್ಲೆಲ್ಲ ಜಿಡ್ಡು, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ, ನಿನ್ನ ಗಾಡೀದೇ ನೋಡು" ಅಂದ್ರು. ಬಗ್ಗಿ ನೋಡಿದ್ರೆ ಮುಂದಿನ ಬಂಪರ್ ಹಿಂದೆ ಅಂಗೈ ಅಗಲ ಕಪ್ಪು ಕಲೆ. ಎಂಜಿನ್ ಆಯಿಲ್ ಇರ್ಬೇಕು ಅಂತ ಡಿಪ್‌ಸ್ಟಿಕ್ ನೋಡಿದೆ, ಲೆವೆಲ್ ಸರಿ ಇತ್ತು. ಪವರ್ ಸ್ಟೀರಿಂಗ್ ಡಬ್ಬ ನೋಡಿದ್ರೆ ಮಿನಿಮಮ್ ಗೆರೆಗಿಂತ ಕೆಳಗೆ.

ಹಾಸನದಲ್ಲೇ ಒಂದು ಗ್ಯಾರೇಜ್‌ಗೆ ತಗೊಂಡು ಹೋದೆ, ಹೆಸರು ಬೇಡ. ಅವನು ಬಾನೆಟ್ ಎತ್ತಿ, ಟಾರ್ಚ್ ಕೂಡ ಹಾಕ್ದೆ, "ಹಳೇ ಗಾಡಿ ಸಾರ್, ಇಷ್ಟು ಬೆವರೋದು ಮಾಮೂಲಿ" ಅಂತ ಹೇಳಿ ಆಯಿಲ್ ಟಾಪ್ ಅಪ್ ಮಾಡಿ, ಜೊತೆಗೆ ಲೀಕ್ ನಿಲ್ಸೋ ಕೆಮಿಕಲ್ ಅಂತ ಒಂದು ಚಿಕ್ಕ ಬಾಟ್ಲು ಸುರಿದ. 450 ರೂಪಾಯಿ. ಎಲ್ಲಿಂದ ಲೀಕ್ ಆಗ್ತಿದೆ ಅಂತ ಅವನೂ ನೋಡ್ಲಿಲ್ಲ ನಾನೂ ಕೇಳ್ಲಿಲ್ಲ. ಆಮೇಲೆ ತಿಳ್ಕೊಂಡಿದ್ದು ಏನಂದ್ರೆ ಆ ಥರದ ಬಾಟ್ಲಲ್ಲಿರೋದು ರಬ್ಬರ್ ಸೀಲನ್ನ ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸೋ ರಾಸಾಯನಿಕ, ಒಣಗಿದ ಸೀಲಿಂದ ಸಣ್ಣದಾಗಿ ಜಿನುಗ್ತಿದ್ರೆ ಸ್ವಲ್ಪ ದಿನ ತಡೆಯಬಹುದು, ಒಡೆದ ಹೋಸ್‌ಗಾಗ್ಲಿ ಸವೆದ ಶಾಫ್ಟ್‌ಗಾಗ್ಲಿ ಅದು ಏನೂ ಮಾಡಲ್ಲ.

ಮೂರು ವಾರಕ್ಕೆ ಮತ್ತೆ ಅದೇ ಕಲೆ, ಈ ಸಲ ದೊಡ್ಡದು. ಮತ್ತೆ ಅಲ್ಲಿಗೇ ಹೋದೆ. ಈ ಸಲ ನೋಡಿದ, ಆಯಿಲ್ ಒತ್ತೋ ಪಂಪಿಂದ ರ್ಯಾಕ್‌ಗೆ (ಸ್ಟೀರಿಂಗ್ ತಿರುಗಿಸಿದ್ದನ್ನ ಮುಂದಿನ ಚಕ್ರಕ್ಕೆ ತಲುಪಿಸೋ ಭಾಗ) ಹೋಗೋ ಹೋಸಲ್ಲಿ ಲೋಹದ ಪೈಪೂ ರಬ್ಬರೂ ಸೇರೋ ಕಡೆ, ಆ ಒತ್ತಿ ಕೂರಿಸಿರೋ ಬಳೆ ಇರತ್ತಲ್ಲ, ಅಲ್ಲಿ ಒದ್ದೆ ಆಗಿತ್ತು. ಲೀಕ್ ಜಾಗ ಸರಿಯಾಗೇ ಹಿಡಿದ. ಆದ್ರೆ ಮಾಡಿದ್ದೇನು ಗೊತ್ತಾ, "ಹೊಸ ಹೋಸ್ ಈ ಮಾಡೆಲ್‌ಗೆ ಸಿಗಲ್ಲ ಸಾರ್, ನಾನು ಪರ್ಮನೆಂಟಾಗಿ ಮಾಡ್ಕೊಡ್ತೀನಿ" ಅಂದವನು ಆ ಬಳೆ ಕತ್ತರಿಸಿ ರಬ್ಬರ್ ಭಾಗ ತೆಗೆದು, ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಸಿಗೋ ಕಪ್ಪು ಪೈಪ್ ಒಂದು ತುಂಡು ತಂದು ಎರಡೂ ಕಡೆ ಸ್ಕ್ರೂ ಕ್ಲಿಪ್ ಹಾಕಿ ಬಿಗಿದ. 1,100 ರೂಪಾಯಿ ತಗೊಂಡ. ನೋಡೋಕೆ ನೀಟಾಗಿತ್ತು, ಹತ್ತು ದಿನ ಒಂದು ಹನಿ ಬೀಳ್ಲಿಲ್ಲ, ಅಮ್ಮನೂ ಖುಷಿಯಾದ್ರು.

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ, ಯಾಕಂದ್ರೆ ಇದು ಗೊತ್ತಿದ್ದಿದ್ರೆ ನಾನು ಆವತ್ತೇ ಅವನ ಕೈ ಹಿಡೀತಿದ್ದೆ. ಹೈಡ್ರಾಲಿಕ್ ಪವರ್ ಸ್ಟೀರಿಂಗಲ್ಲಿ, ಅಂದ್ರೆ ಆಯಿಲ್ ಒತ್ತಡದಿಂದ ಸ್ಟೀರಿಂಗ್ ಹಗುರ ಮಾಡೋ ವ್ಯವಸ್ಥೇಲಿ, ಎರಡು ಲೈನ್ ಇರತ್ತೆ. ರ್ಯಾಕಿಂದ ಡಬ್ಬಕ್ಕೆ ವಾಪಸ್ ಬರೋ ರಿಟರ್ನ್ ಲೈನಲ್ಲಿ ಒತ್ತಡ ಕಮ್ಮಿ, ಅಲ್ಲಿ ಆಯಿಲ್ ತಡೆಯೋ ಒಳ್ಳೆ ಪೈಪಿಗೆ ಕ್ಲಿಪ್ ಹಾಕಿದ್ರೆ ನಡೆಯತ್ತೆ, ಕಂಪನಿಯವರೇ ಕ್ಲಿಪ್ ಹಾಕಿರ್ತಾರೆ. ಪಂಪಿಂದ ರ್ಯಾಕ್‌ಗೆ ಹೋಗೋದು ಪ್ರೆಷರ್ ಲೈನ್. ನಾವು ಟೈರಿಗೆ ಗಾಳಿ ಹಾಕ್ಸೋದು 30-32 ಪಿಎಸ್‌ಐ, ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಹಿಡಿದಾಗ ಈ ಲೈನಲ್ಲಿ ಸಾವಿರ ಪಿಎಸ್‌ಐ ಹತ್ರ ಹೋಗತ್ತೆ, ಕೆಲವು ಗಾಡೀಲಿ ಅದನ್ನೂ ದಾಟತ್ತೆ. ಅದಕ್ಕೇ ಅಲ್ಲಿ ಒಳಗೆ ದಾರದ ಹೆಣಿಗೆ ಇರೋ ಹೋಸ್ ಹಾಕಿ, ಮಷೀನಲ್ಲಿ ಬಳೆ ಒತ್ತಿ ಕ್ರಿಂಪ್ ಮಾಡಿರ್ತಾರೆ. ಅಷ್ಟು ಒತ್ತಡಕ್ಕೆ ಸ್ಕ್ರೂ ಕ್ಲಿಪ್ ಯಾವ ಲೆಕ್ಕ. ಊರೊಳಗೆ ಅಂಗಡಿಗೆ ಆಫೀಸಿಗೆ ಅಂತ ಓಡಾಡ್ತಿದ್ದಾಗ ಹೆಂಗೋ ತಡ್ಕೊಂಡಿತ್ತು ಅಷ್ಟೆ.

ಡಿಸೆಂಬರಲ್ಲಿ ಧರ್ಮಸ್ಥಳಕ್ಕೆ ಹೊರಟ್ವಿ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಿಲ್ಸಿದಾಗ ಗಾಡಿ ಪಾರ್ಕ್ ಮಾಡುವಾಗ ಮತ್ತೆ ಆ ಗುಂಯ್ ಸದ್ದು ಬಂತು. ಬಾನೆಟ್ ತೆಗೆದು ನೋಡಿದ್ರೆ ಡಬ್ಬದಲ್ಲಿ ಆಯಿಲ್ ತಳ ಹತ್ತಿತ್ತು, ಇದ್ದಷ್ಟೂ ನೊರೆ ನೊರೆ. ನೊರೆ ಅಂದ್ರೆ ಲೈನಲ್ಲಿ ಗಾಳಿ ಸೇರಿದೆ, ಪಂಪ್ ಒಣಗ್ತಿದೆ ಅಂತ ಅರ್ಥ. ನನಗೆ ಆಗ ಅದು ತಿಳೀಲಿಲ್ಲ. ಡಿಕ್ಕೀಲಿದ್ದ ಅರ್ಧ ಬಾಟ್ಲು ಆಯಿಲ್ ಸುರಿದು ಹೊರಟೆ. ಅಪ್ಪ ಒಂದು ಮಾತು ಕೇಳಿದ್ರು, "ಇಳಿಜಾರು ಇದೆ ಕಣೋ, ಇಲ್ಲೇ ಯಾರಿಗಾದ್ರೂ ತೋರಿಸ್ಬಾರ್ದಾ" ಅಂತ. ನಾನು "ಟಾಪ್ ಅಪ್ ಮಾಡಿದೀನಿ ಅಪ್ಪ, ಏನಾಗಲ್ಲ" ಅಂದೆ.

ಅಣ್ಣಪ್ಪಸ್ವಾಮಿ ಗುಡಿ ಹತ್ರ ನಿಲ್ಸಿ ಕೈ ಮುಗಿದು ಮತ್ತೆ ಇಳೀತಾ ಇದ್ವಿ. ಎಡಕ್ಕೆ ಒಂದು ಹೇರ್‌ಪಿನ್ ತಿರುವು, ಎದುರಿಗೆ ಲಾರಿ ಬರ್ತಿದೆ ಅಂತ ಸ್ಲೋ ಮಾಡಿ ಸ್ಟೀರಿಂಗ್ ಪೂರ್ತಿ ಎಳೆದೆ, ಅಷ್ಟೇ, ಟಪ್ ಅಂತ ಒಂದು ಶಬ್ದ, ಆ ಕ್ಷಣಕ್ಕೇ ಸ್ಟೀರಿಂಗ್ ಕಲ್ಲಾಯ್ತು. ನಿಜ ಹೇಳ್ಬೇಕಂದ್ರೆ ಸ್ಟೀರಿಂಗ್ ಪೂರ್ತಿ ಕೈ ಬಿಟ್ಟಿರಲಿಲ್ಲ, ಆಯಿಲ್ ಹೋದ್ರೂ ಸ್ಟೀರಿಂಗಿಗೂ ಚಕ್ರಕ್ಕೂ ಇರೋ ಲೋಹದ ಕೊಂಡಿ ಹಾಗೇ ಇರತ್ತೆ, ಗಾಡಿ ತಿರುಗತ್ತೆ, ಆದ್ರೆ ಅದುವರೆಗೂ ಎರಡು ಬೆರಳಲ್ಲಿ ತಿರುಗ್ತಿದ್ದದ್ದು ಒಂದೇ ಸಲಕ್ಕೆ ಎರಡೂ ಕೈ ಹಾಕಿ ಮೈ ಭಾರ ಬಿಟ್ಟು ಎಳೆಯೋ ಹಾಗಾದ್ರೆ, ಅದೂ ಇಳಿಜಾರಿನ ತಿರುವಲ್ಲಿ, ತಲೆ ಓಡಲ್ಲ. ಗಾಡಿ ನೇರ ಲಾರಿ ಕಡೆಗೆ ಸರೀತಿತ್ತು. ಬ್ರೇಕ್ ಮೇಲೆ ನಿಂತ್ಕೊಂಡೆ, ಲಾರಿಯವನೂ ನಿಲ್ಸಿದ, ಮಧ್ಯೆ ಮೂರು ನಾಲ್ಕು ಅಡಿ ಜಾಗ ಇತ್ತು. ಹಿಂದೆ ಅಮ್ಮ ಮಗಳನ್ನ ಅವುಚಿಕೊಂಡು ಮಂಜುನಾಥ ಮಂಜುನಾಥ ಅಂತಿದ್ರು.

ಅಷ್ಟರಲ್ಲಿ ಬಾನೆಟ್ ಸಂದಿಯಿಂದ ಬಿಳೀ ಹೊಗೆ. ಸಿಡಿದ ಆಯಿಲ್ ಕಾದ ಎಕ್ಸಾಸ್ಟ್ ಮೇಲೆ ಬಿದ್ದಿತ್ತು. ಹಿಂದೆ ಬರ್ತಿದ್ದ ಕೆಎಸ್‌ಆರ್‌ಟಿಸಿ ಬಸ್ ಡ್ರೈವರ್ ಇಳಿದು ಓಡಿ ಬಂದ್ರು. "ಎಂಜಿನ್ ಆಫ್ ಮಾಡಿ ಸಾರ್, ಮೊದ್ಲು ಎಲ್ರನ್ನೂ ಇಳ್ಸಿ, ಬಾನೆಟ್ ತೆಗೀಬೇಡಿ, ಗಾಳಿ ಸಿಕ್ರೆ ಹತ್ಕೋಬಹುದು" ಅಂದ್ರು. ನಾನು ಬಾನೆಟ್ ಲಿವರ್ ಎಳೆಯೋಕೆ ಕೈ ಹಾಕಿ ಆಗಿತ್ತು. ಅವರೇ ಚಕ್ರಕ್ಕೆ ಕಲ್ಲು ಕೊಟ್ಟು, ಬಸ್ಸಿಂದ ಬೆಂಕಿ ಆರಿಸೋ ಸಿಲಿಂಡರ್ ತಂದು ಕೈಲಿ ಹಿಡ್ಕೊಂಡು ಹೊಗೆ ಪೂರ್ತಿ ನಿಲ್ಲೋವರೆಗೂ ನಿಂತಿದ್ರು. ಆಮೇಲೆ ಅಪ್ಪ ಅಮ್ಮ ಹೆಂಡತಿ ಮಗಳನ್ನ ಅದೇ ಬಸ್ಸಲ್ಲಿ ಕೂರಿಸ್ಕೊಂಡು ಹೋದ್ರು. ಅವರ ಹೆಸರೂ ಕೇಳ್ಲಿಲ್ಲ ನಾನು, ಆ ಬೇಜಾರು ಈಗಲೂ ಇದೆ.

ಅಲ್ಲಿ ನೆಟ್‌ವರ್ಕ್ ಇರಲಿಲ್ಲ, ಯಾರದೋ ಬೈಕಲ್ಲಿ ಕೆಳಗಿಳಿದು ಟೋಯಿಂಗ್‌ನವರಿಗೆ ಫೋನ್ ಮಾಡಿ, ಬೆಳ್ತಂಗಡಿ ಗ್ಯಾರೇಜ್ ತಲುಪೋ ಹೊತ್ತಿಗೆ ಸಂಜೆ. ಅಲ್ಲಿನ ಮೇಸ್ತ್ರಿ ವಯಸ್ಸಾದವರು. ಬಾನೆಟ್ ತೆಗೆದು, ಕ್ಲಿಪ್ಪಿಂದ ಕಳಚಿ ನೇತಾಡ್ತಿದ್ದ ಪೈಪನ್ನ ಬೆರಳಲ್ಲಿ ಎತ್ತಿ, ಬಟ್ಟೇಲಿ ಒರೆಸಿ, ಅದರ ಮೇಲಿನ ಅಕ್ಷರ ಕನ್ನಡಕ ಹಾಕ್ಕೊಂಡು ಓದಿದ್ರು. "ಇದೆಂತ ಮಾರಾಯ್ರೆ, ಇದು ಪೆಟ್ರೋಲ್ ಪೈಪಲ್ವಾ? ಇದನ್ನ ಇಲ್ಲಿಗೆ ಹಾಕಿದವ ಯಾರು?" ಅಂತ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಒಳಗಿನ ರಬ್ಬರ್ ಉಬ್ಬಿ ಹಲಸಿನ ತೊಳೆ ಥರ ಮೆತ್ತಗಾಗಿತ್ತು, ಕ್ಲಿಪ್ ಕಚ್ಚಿದ ಕಡೆ ಸುತ್ತಲೂ ಕುಯ್ದಿತ್ತು.

ಹೊಸ ಹೋಸ್ ಸಿಗಲ್ಲ ಅಂದಿದ್ದಕ್ಕೆ ಅವರು ಕೊಟ್ಟ ಉತ್ತರ ಎಲ್ರಿಗೂ ಗೊತ್ತಿರ್ಬೇಕು. ಜೆಸಿಬಿ, ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಹೋಸ್ ಮಾಡ್ಕೊಡೋ ಅಂಗಡಿಗಳು ಇರ್ತವೆ, ನಮ್ಮ ಹಳೇ ಹೋಸಿನ ಎರಡೂ ತುದಿಯ ಲೋಹದ ಭಾಗ ಕೊಟ್ರೆ, ಮಧ್ಯೆ ಪವರ್ ಸ್ಟೀರಿಂಗ್ ಒತ್ತಡ ತಡೆಯೋ ಹೊಸ ಹೋಸ್ ಹಾಕಿ ಮಷೀನಲ್ಲಿ ಕ್ರಿಂಪ್ ಮಾಡ್ಕೊಡ್ತಾರೆ. ಹಾಸನದಲ್ಲೂ ಇದೆ ಅಂತ ಆಮೇಲೆ ಗೊತ್ತಾಯ್ತು. ಮೇಸ್ತ್ರಿ ಎರಡು ತುದೀನೂ ಪೇಪರಲ್ಲಿ ಸುತ್ತಿ ಬಸ್ಸಲ್ಲಿ ಮಂಗಳೂರಿಗೆ ಕಳ್ಸಿದ್ರು, ಮಾರನೇ ದಿನ ಸಂಜೆ ಹೋಸ್ ರೆಡಿಯಾಗಿ ಬಂತು. ಅದನ್ನ ಪಂಪಿಗೆ ಕೂರಿಸುವಾಗ ಬೋಲ್ಟಿನ ಎರಡೂ ಕಡೆ ತಾಮ್ರದ ವಾಷರ್ ಹೊಸದೇ ಹಾಕಿದ್ರು, ಹಳೇದು ಒಂದ್ಸಲ ಒತ್ತಿ ಚಪ್ಪಟೆ ಆದ್ಮೇಲೆ ಸರಿಯಾಗಿ ಕೂರಲ್ಲ, ಅಲ್ಲಿಂದಲೇ ಮತ್ತೆ ಲೀಕ್ ಶುರುವಾಗತ್ತೆ ಅಂದ್ರು.

ಪಂಪ್ ಅಂತೂ ಹೋಗಿತ್ತು. ಬಿಚ್ಚಿ ತೋರಿಸಿದ್ರು, ಒಳಗೋಡೆ ಮೇಲೆ ಉಗುರಿಗೆ ಸಿಗೋವಷ್ಟು ಗೀರು. ಆಯಿಲ್ ಇಲ್ದೆ, ನೊರೇಲಿ ಓಡಿದ್ರ ಫಲ. ಆ ಗುಂಯ್ ಸದ್ದು ಪಂಪ್ ಸಾಯ್ತಾ ಇರೋ ಸದ್ದು ಕಣ್ರೀ, ದಯವಿಟ್ಟು ಅದನ್ನ ಕೇಳಿಸ್ಕೊಂಡು ಸುಮ್ನೆ ಓಡಿಸ್ಬೇಡಿ.

ಖರ್ಚು ಹೇಳ್ಬಿಡ್ತೀನಿ. ಟೋಯಿಂಗ್ 3,500, ಹೋಸ್ 1,900, ರೀಕಂಡೀಷನ್ ಪಂಪ್ 4,800, ಎರಡು ಲೀಟರ್ ಆಯಿಲ್ 1,100, ಕೂಲಿ 2,200. ಮೊದ್ಲಿನ ಎರಡು ಸಲ ಕೊಟ್ಟಿದ್ದೂ ಸೇರಿ 15,050. ಮೊದಲ ದಿನವೇ ಹೋಸ್ ಮಾಡಿಸಿ ಹಾಕ್ಸಿದ್ರೆ ಆಯಿಲ್ಲೂ ಕೂಲೀನೂ ಸೇರಿ ಮೂರು ಸಾವಿರ ಚಿಲ್ಲರೇಲಿ ಮುಗೀತಿತ್ತು. ದುಡ್ಡು ಹೋಗ್ಲಿ, ಲಾರಿ ಡ್ರೈವರ್ ಒಂದು ಸೆಕೆಂಡ್ ತಡ ಮಾಡಿದ್ರೆ ಏನಾಗ್ತಿತ್ತು ಅನ್ನೋದೇ ನನ್ನ ನಿದ್ದೆ ಕೆಡಿಸ್ತಿರೋದು.

ಈಗ ನೀವೇ ಮನೇಲಿ ಲೀಕ್ ಎಲ್ಲಿ ಅಂತ ನೋಡೋದು ಹೇಗೆ ಅಂತ ಮೇಸ್ತ್ರಿ ಹೇಳ್ಕೊಟ್ಟಿದ್ದನ್ನ ಬರೀತೀನಿ. ಎಂಜಿನ್ ತಣ್ಣಗಿರುವಾಗ ಪಂಪ್, ಹೋಸ್, ರ್ಯಾಕ್ ಸುತ್ತ ಇರೋ ಜಿಡ್ಡೆಲ್ಲ ಡಿಗ್ರೀಸರ್ ಹಾಕಿ ಒರೆಸಿ ಒಣಗಿಸಿ, ಕೆಳಗೆ ಬಿಳೀ ರಟ್ಟು ಹಾಸಿ, ಎಂಜಿನ್ ಸ್ಟಾರ್ಟ್ ಮಾಡಿ ಒಬ್ಬರು ಸ್ಟೀರಿಂಗ್ ಆ ಕಡೆ ಈ ಕಡೆ ಪೂರ್ತಿ ತಿರುಗಿಸ್ಬೇಕು, ತುದೀಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡೀಬಾರ್ದು, ಇನ್ನೊಬ್ಬರು ಟಾರ್ಚ್ ಹಿಡಿದು ನೋಡ್ಬೇಕು. ಕೈ ಹಾಕಿ ಮುಟ್ಟಿ ಹುಡುಕ್ಬೇಡಿ, ಅಷ್ಟು ಒತ್ತಡದಲ್ಲಿ ಸೂಜಿ ತೂತಿಂದ ಬರೋ ಆಯಿಲ್ ಚರ್ಮದೊಳಗೇ ಹೋಗ್ಬಿಡತ್ತೆ, ಬೆಲ್ಟೂ ತಿರುಗ್ತಿರತ್ತೆ. ಬೆಲ್ಟ್ ಕೂರೋ ಪಂಪಿನ ಪುಲ್ಲಿ ಹಿಂದೆ ಒದ್ದೆ ಆಗ್ತಿದ್ರೆ ಪಂಪಿನ ಆಯಿಲ್ ಸೀಲ್. ಎಂಜಿನ್ ಆಫ್ ಮಾಡಿ, ಚಕ್ರದ ಕಡೆ ಮಡಿಕೆ ಮಡಿಕೆ ಇರೋ ರಬ್ಬರ್ ಬೂಟ್ ಹಿಸುಕಿದ್ರೆ ಒಳಗೆ ಆಯಿಲ್ ಗುಳುಗುಳು ಅಂದ್ರೆ ರ್ಯಾಕ್ ಸೀಲ್, ಅದೊಂದೇ ದೊಡ್ಡ ಖರ್ಚಿನ ಕೆಲಸ. ಬೂಟ್ ಒಣಗಿದ್ದೂ ಯಾರಾದ್ರೂ ರ್ಯಾಕ್ ಬದಲಾಯಿಸ್ಬೇಕು ಅಂದ್ರೆ ಒದ್ದೆ ಎಲ್ಲಿದೆ ತೋರಿಸಿ ಅಂತ ಕೇಳಿ.

ಆಯಿಲ್ ವಿಷಯ ಇನ್ನೊಂದು. ನಮ್ಮ ಗಾಡಿ ಮ್ಯಾನುಯಲಲ್ಲಿ ಪಿಎಸ್‌ಎಫ್-3 ಅನ್ನೋ ಪವರ್ ಸ್ಟೀರಿಂಗ್ ಆಯಿಲ್ ಅಂತ ಇದೆ. ಎಷ್ಟೋ ಹಳೇ ಗಾಡಿಗಳಿಗೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಆಯಿಲ್), ಕೆಲವಕ್ಕೆ ಹಸಿರು ಬಣ್ಣದ ಸಿಂಥೆಟಿಕ್ಕೇ ಆಗ್ಬೇಕು. ಡಬ್ಬದ ಮುಚ್ಚಳ ಇಲ್ಲಾ ಮ್ಯಾನುಯಲ್ ನೋಡಿ ಹಾಕಿ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಸುರೀಬೇಡಿ, ಅದು ಬೇರೆ ಜಾತಿ ದ್ರವ, ಪವರ್ ಸ್ಟೀರಿಂಗ್ ಸೀಲಿಗೆ ಆಗಿ ಬರಲ್ಲ, ಇರೋ ಸೀಲೆಲ್ಲ ಹಾಳು ಮಾಡತ್ತೆ. ಹೋಸ್ ಬದಲಾಯಿಸಿದ ಮೇಲೆ ಗಾಳಿ ತೆಗೆಯೋದು ಮರೀಬೇಡಿ, ಮುಂದಿನ ಚಕ್ರ ಎತ್ತಿ ಭದ್ರವಾಗಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫಲ್ಲೇ ಸ್ಟೀರಿಂಗ್ ನಿಧಾನಕ್ಕೆ ಆ ತುದಿ ಈ ತುದಿ ತಿರುಗಿಸ್ತಾ, ಡಬ್ಬದಲ್ಲಿ ಗುಳ್ಳೆ ಬರೋದು ನಿಲ್ಲೋವರೆಗೂ ಆಯಿಲ್ ತುಂಬ್ತಾ ಹೋಗ್ಬೇಕು, ಆಮೇಲೆ ಸ್ಟಾರ್ಟ್ ಮಾಡಿ ಮತ್ತೊಂದ್ಸಲ. ಬೆಳ್ತಂಗಡಿ ಮೇಸ್ತ್ರಿ ಇದೊಂದಕ್ಕೇ ಅರ್ಧ ಗಂಟೆ ತಗೊಂಡ್ರು.

ವಾಪಸ್ ಬರುವಾಗ ಅದೇ ಘಾಟಿ ಹತ್ತಿದ್ವಿ, ಅಣ್ಣಪ್ಪಸ್ವಾಮಿ ಗುಡಿ ಹತ್ರ ನಿಲ್ಸಿ ಬಾನೆಟ್ ತೆಗೆದು ನೋಡಿದೆ, ಒಣಗಿತ್ತು. ಆ ಪೆಟ್ರೋಲ್ ಪೈಪ್ ತುಂಡು ಮೇಸ್ತ್ರಿ ಹತ್ರ ಕೇಳಿ ತಂದಿದೀನಿ. ಊರಿಗೆ ಬಂದ ಮಾರನೇ ದಿನವೇ ಅದನ್ನ ಮೊದಲಿನ ಗ್ಯಾರೇಜವನ ಮುಂದೆ ಇಟ್ಟೆ, ಅವನು "ಎಲ್ರಿಗೂ ಹಿಂಗೇ ಹಾಕೋದು ಸಾರ್, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದ. ಹಾಸನದ ಕಡೆ ಇತ್ತೀಚೆಗೆ ಯಾರಾದ್ರೂ ಪವರ್ ಸ್ಟೀರಿಂಗ್ ಹೋಸ್ ರಿಪೇರಿ ಮಾಡಿಸಿದ್ರೆ ಇವತ್ತೇ ಬಾನೆಟ್ ತೆಗೆದು ನೋಡಿ, ಪಂಪಿಂದ ಹೊರಡೋ ಲೈನಲ್ಲಿ ಸ್ಕ್ರೂ ಕ್ಲಿಪ್ ಕಂಡ್ರೆ ಗಾಡಿ ಓಡಿಸ್ಬೇಡಿ.